ಕಡ್ಡಿಯಲ್ಲೇ ಉಳಿಸಿಕೊಂಡ ಹೊದಿಕೆ

ಈ ಹೊದಿಕೆಗೆ ನನಗೆ ಬಿದ್ದ ಖರ್ಚು ಸಾವಿರದ ನೂರು ರೂಪಾಯಿ. ಇದಕ್ಕಿಂತ ದೊಡ್ಡದಾದ, ಅಂಚು ಒಪ್ಪವಾಗಿರುವ ಕೂಸಿನ ಹೊದಿಕೆಯನ್ನು ಮಾನ್ವಿಯ ನನ್ನ ಅಂಗಡಿಯಲ್ಲೇ ಇನ್ನೂರೈವತ್ತಕ್ಕೆ ಮಾರುತ್ತೇನೆ. ಪಟ್ಟು ಬಿಡದ ಗಿರಾಕಿಯಾದರೆ ಇನ್ನೂರಕ್ಕೂ ಇಳಿಯುತ್ತೇನೆ. ಅರಿವೆ ವ್ಯಾಪಾರದವಳೇ ಇಷ್ಟು ಸುರಿದಳೆಂದರೆ ಎಲ್ಲೋ ಮೋಸ ಹೋಗಿರಬೇಕು ಅಂದುಕೊಳ್ಳುತ್ತೀರಿ. ಮೋಸ ಹೋದದ್ದು ನಿಜ, ನನ್ನದೇ ಜಾಣತನದಿಂದ. ಬೇಸಿಗೆಯಲ್ಲಿ ಉಲ್ಲನ್ ಅಗ್ಗ ಎಂದು ಲೆಕ್ಕ ಹಾಕಿ ರಾಯಚೂರಿನ ಪೇಟೆಗೆ ಹೋದೆ. ಚಳಿಗಾಲದಲ್ಲಿ ಹೋಗದೆ ಉಳಿದಿದ್ದ ಉಂಡೆಗಳನ್ನು ಅರ್ಧ ದರಕ್ಕೆ ಎಳೆದು, ಒಂದು ಜೊತೆ ಹೆಣಿಗೆಯ ಕಡ್ಡಿಯನ್ನು ಮೇಲೆ ಪುಕ್ಕಟೆ ಹಾಕಿಸಿಕೊಂಡು ಬಂದೆ. ಹೆಣಿಗೆ ಕಲಿಸಲು ಒಪ್ಪಿದ್ದ ಟೀಚರ್ ಆ ಉಂಡೆಯನ್ನು ಕೈಯಲ್ಲಿ ಹಿಡಿದು, ಕೆನ್ನೆಗೆ ಒತ್ತಿಕೊಂಡು, ಟೇಬಲ್ ಮೇಲೆ ಇಟ್ಟರು.

"ಕೂಸಿಗಿ ಹೊಚ್ಚಾಕೇನ್ರಿ ಇದು, ಇಲ್ಲಾ ಬೇಯಿಸಾಕ?" ಎಂದರು. "ನಮ್ಮ ಊರಾಗ ಮಾಘದಾಗೂ ಫ್ಯಾನ್ ಹಾಕ್ತೇವಿ. ಹತ್ತಿ ನೂಲು ತರ್ರಿ."

ಹತ್ತಿ ನೂಲಿನ ಉಂಡೆಗೆ ಉಲ್ಲನ್ನಿನ ಎರಡರಷ್ಟು ದರ. ಸುತ್ತಮುತ್ತ ಹೊಲದ ತುಂಬ ಹತ್ತಿ ಬೆಳೆಯುವ ಸೀಮೆಯಲ್ಲಿ, ಹೆಣೆಯುವ ಮೆತ್ತನೆಯ ಹತ್ತಿ ನೂಲು ಮಾತ್ರ ಎಲ್ಲಿಂದಲೋ ಬರಬೇಕು. ಅಂಗಡಿಯವನು ಉಲ್ಲನ್ ವಾಪಸು ತೆಗೆದುಕೊಳ್ಳಲಿಲ್ಲ. ಹೀಗೆ ಎರಡು ಸಲ ಕೊಂಡೆ. ಖರ್ಚಿನ ವಿಷಯ ಇಷ್ಟೆ, ಇನ್ನು ಅದನ್ನೆತ್ತುವುದಿಲ್ಲ.

ಹೆಣೆಯಲು ಹೇಳಿದವಳು ನನ್ನ ಮಗಳು. ಅವಳನ್ನು ದೇವದುರ್ಗಕ್ಕೆ ಕೊಟ್ಟಿದ್ದೇನೆ. ಮೊದಲನೆಯ ಹೆರಿಗೆಯಲ್ಲಿ ಅವಳ ಕೂಸು ಹುಟ್ಟುವಾಗಲೇ ಉಸಿರಿಲ್ಲದೆ ಬಂತು. ಆಪರೇಶನ್ನಿನ ಅಮಲಿನಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಸುದ್ದಿ ಕೇಳಿ ನಾನು ಮಾನ್ವಿಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಗಂಡಸರು ಮಣ್ಣು ಮಾಡಿ ಬಂದು ಕಾಲು ತೊಳೆಯುತ್ತಿದ್ದರು. ಬಾಣಂತಿ ಸತ್ತ ಕೂಸಿನ ಮುಖ ನೋಡಬಾರದು, ನೋಡಿದರೆ ಮುಂದೆ ಮಡಿಲು ತುಂಬುವುದಿಲ್ಲ ಎನ್ನುವುದು ಅಲ್ಲಿಯ ಹಿರಿಯರ ಮಾತು. ಅವಳಿಗೆ ಎಚ್ಚರವಾದಾಗ ತೊಡೆಯ ಮೇಲೆ ಒಂದು ದಿಂಬು ಮಾತ್ರ ಇತ್ತು.

ಎರಡನೆಯ ಸಲ ಬಸುರಾದಾಗ ಡಾಕ್ಟರು ಮಂಚ ಬಿಟ್ಟು ಇಳಿಯಬೇಡ ಎಂದುಬಿಟ್ಟರು. ಅವಳನ್ನು ತವರಿಗೆ ಕರೆತರುವ ಹಾಗಿರಲಿಲ್ಲ. ನಾನೇ ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಕುಬಸದ ಕಾರ್ಯ ಮಾಡೋಣವೇ ಎಂದು ಕೇಳಿದೆ. ಬಸುರಿಗೆ ಹಸಿರು ಸೀರೆ ಉಡಿಸಿ, ಕುಬಸ ತೊಡಿಸಿ ಆರತಿ ಎತ್ತುವ ಕಾರ್ಯ ಅದು. ಆ ಕುಬಸದ ಕಣಗಳನ್ನೇ, ಅಂದರೆ ಜಂಪರ್ ಪೀಸುಗಳನ್ನೇ, ಗಂಟು ಕಟ್ಟಿ ಹೊತ್ತು, ಆಗ ನಾವಿದ್ದ ಜಾಲಹಳ್ಳಿಯಿಂದ ಬಸ್ಸು ಹತ್ತಿ, ಸಂತೆ ಸಂತೆ ತಿರುಗಿ ಮಾರಿಯೇ ಈ ಮಗಳನ್ನು ದೊಡ್ಡವಳನ್ನಾಗಿ ಮಾಡಿದವಳು ನಾನು. ಅವಳು ಬೇಡವೇ ಬೇಡ ಎಂದಳು.

"ಮದಲನೇದಕ್ಕ ಊರು ಕರದು ಮಾಡಿದ್ರಿ. ಏನಾತು? ಈ ಸಲ ಯಾರಿಗೂ ಹೇಳಬ್ಯಾಡ."

"ಹಂಗಾದ್ರ ನಾ ಏನ್ ತರ್ಲಿ ಬೇ ನಿನಗ? ಬರಿಗೈಲೆ ಎಷ್ಟು ಸಲ ಬರ್ಲಿ?"

ಅವಳು ಛಾವಣಿ ನೋಡುತ್ತ ಹೇಳಿದಳು. "ಯವ್ವಾ, ಅದು ಗಂಡಿತ್ತು ಅಂತಷ್ಟ ಹೇಳಿದ್ರು. ಮಾರಿ ಹೆಂಗಿತ್ತು ಅಂದ್ರ ಮಾತು ಹೊಳ್ಳಸ್ತಾರ. ಯಾವ ಅರಿವ್ಯಾಗ ಸುತ್ತಿ ಒಯ್ದ್ರಿ ಅಂತ ಕೇಳಿದೆ. ಯಾವ್ದೋ ಟವೆಲ್ಲು, ಯಾರಿಗಿ ನೆನಪದ ಅಂದ್ರು. ಈ ಸಲ ಕೂಸಿಗಿ ನೀನ ಒಂದು ಹೊದಿಕಿ ಹೆಣಿ. ಅಂಗಡೀದು ಬ್ಯಾಡ."

"ನನಗೆಲ್ಲಿ ಬರ್ತದ? ನಾ ಮಾರಾಕಿ, ಮಾಡಾಕಿ ಅಲ್ಲ."

"ಕಲಿ. ಲೆಕ್ಕ ಕಲಿತಿಲ್ಲೇನು, ಮೊಬೈಲ್ ಕಲಿತಿಲ್ಲೇನು?" ಎಂದಳು. ನಂತರ ನನ್ನ ಕೈ ಹಿಡಿದುಕೊಂಡಳು. "ಇನ್ನೊಂದು ಮಾತು. ಬದುಕಿದ್ರೂ ಸೈ, ಬದುಕದಿದ್ರೂ ಸೈ, ಈ ಸಲ ಕೂಸನ್ನ ನನ್ನ ಕೈಯಾಗ ಕೊಡಬೇಕು. ಒಮ್ಮಿ ಎತ್ಕೋಬೇಕು ನಾ."

"ಬಿಡ್ತು ಅನ್ನು" ಎಂದು ಗದರಿದೆ.

ಅವಳು ಬಿಡ್ತು ಅನ್ನಲಿಲ್ಲ. ನನ್ನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡಳು. ನಾನು ಆಣೆ ಮಾಡಿದೆ.

ಟೀಚರ್ ಅಂದೆನಲ್ಲ, ಅವರು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮಠದ ಪೂಜೆಯ ಆಚಾರ್ಯರ ಮನೆಯ ಹೆಣ್ಣುಮಗಳು, ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ ಒಬ್ಬರೇ ಇದ್ದಾರೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಬಂದು ಕೂರುತ್ತಿದ್ದರು. ಫೀಸು ಎಷ್ಟು ಎಂದು ಮೊದಲೇ ಕೇಳಿದ್ದೆ. ಕೊಡುಕೊಳ್ಳುವ ಮಾತು ಮೊದಲೇ ಆಗಿರಬೇಕು ಎನ್ನುವವಳು ನಾನು.

"ಇಷ್ಟು ವರ್ಷ ಆತು, ಒಂದು ಜಂಪರ್ ಪೀಸಿನಾಗ ಐದು ರೂಪಾಯಿ ಬಿಟ್ಟೀರೇನ್ರಿ ನನಗ?" ಎಂದರು. "ಈಗ ತಪ್ಪು ಮಾಡಿದಾಗೊಮ್ಮೆ ಬೆಂಚಿನ ಮ್ಯಾಲ ನಿಂದ್ರಿಸ್ತೀನಿ. ಅದ ನನ್ನ ಫೀಸು, ಸಾವ್ಕಾರ್ತಿ."

ಸಾವ್ಕಾರ್ತಿ ಎಂದೇ ಕರೆಯುತ್ತಿದ್ದರು. ಬೆಂಚು ಇದ್ದಿದ್ದರೆ ಇಡೀ ದಿನ ಅದರ ಮೇಲೇ ಇರುತ್ತಿದ್ದೆ. ಮೊದಲ ಪಾಠ ಕಡ್ಡಿಗೆ ಕುಣಿಕೆ ಏರಿಸುವುದು. ಎರಡನೆಯದು, ಎಡಗಡ್ಡಿಯ ಕುಣಿಕೆಯಲ್ಲಿ ಬಲಗಡ್ಡಿ ತೂರಿಸಿ, ನೂಲು ಸುತ್ತಿ, ಹೊಸ ಕುಣಿಕೆಯನ್ನು ಎಳೆದುಕೊಂಡು ಹಳೆಯದನ್ನು ಬಿಡುವುದು. ಕೂಸಿನ ಹೊದಿಕೆಗೆ ಇಷ್ಟು ಬಂದರೆ ಸಾಕು, ಹೋದ ಸಾಲು ಬಂದ ಸಾಲು ಎಲ್ಲ ಒಂದೇ ಹೆಣಿಗೆ. ಹೇಳಲು ಸುಲಭ. ನಾನು ನೂಲನ್ನು ಗಂಟಿನ ಹಗ್ಗದ ಹಾಗೆ ಬಿಗಿಯುತ್ತಿದ್ದೆ, ಕಡ್ಡಿಯ ಮೊನೆಯೇ ತೂರುತ್ತಿರಲಿಲ್ಲ. ಸಾಲಿನ ಮೊದಲ ಕುಣಿಕೆ ಎರಡು ಎಳೆಯಾಗಿ ಕಾಣುತ್ತದೆ. ಅದನ್ನು ಎರಡೆಂದು ತಿಳಿದು ಎರಡು ಸಲ ಹೆಣೆಯುತ್ತಿದ್ದೆ. ಹೀಗೆ ಸಾಲುಸಾಲಿಗೂ ಕುಣಿಕೆ ಹೆಚ್ಚಿ, ನಾಕು ಬೆರಳು ಎತ್ತರವಾಗುವಷ್ಟರಲ್ಲಿ ಹೊದಿಕೆ ಮೊರದ ಹಾಗೆ ಅಗಲವಾಗಿತ್ತು.

"ಚಲೋ ಆತು" ಎಂದರು ಟೀಚರ್. "ಜ್ವಾಳ ಕೇರಾಕ ಬರ್ತದ."

ಎಲ್ಲ ಬಿಚ್ಚಿಸಿದರು. ಬಿಚ್ಚುವಾಗ ನೂಲು ಸರ್ರನೆ ಬರುತ್ತದೆ, ಕಲಿತದ್ದೆಲ್ಲ ಹಾಗೇ ಹೋಗುತ್ತಿದೆ ಎನ್ನಿಸುತ್ತದೆ. ಹಾಗೇನೂ ಆಗುವುದಿಲ್ಲ, ಕೈಗೆ ಬಂದದ್ದು ಕೈಯಲ್ಲಿರುತ್ತದೆ. ಮೂರನೆಯ ಸಲ ಶುರು ಮಾಡಿದ್ದು ನಿಂತಿತು. ತಿಳಿ ಅರಿಶಿನ ಬಣ್ಣ. ಮೊದಲ ಗೇಣು ಬಿಗಿ, ಆಮೇಲಿನದು ಸಡಿಲ. ನೋಡಿದವರಿಗೆ ಇಬ್ಬರು ಸೇರಿ ಹೆಣೆದಂತೆ ಕಾಣಬೇಕು. ಅದನ್ನು ಬಿಚ್ಚಲು ನಾನು ಒಪ್ಪಲಿಲ್ಲ, ಟೀಚರೂ ಒತ್ತಾಯ ಮಾಡಲಿಲ್ಲ.

ಅರ್ಧವಾದಾಗ ಚೀಲದಲ್ಲಿ ಹಾಕಿಕೊಂಡು ದೇವದುರ್ಗಕ್ಕೆ ಹೋದೆ. ಮಗಳ ಅತ್ತೆ, ಅಂದರೆ ನನ್ನ ಬೀಗತಿ, ಬಾಗಿಲಲ್ಲೇ ಚೀಲದೊಳಗೆ ಕಣ್ಣು ಹಾಕಿದರು.

"ಏನ್ ತಂಗಿ ಅದು?"

"ಕೂಸಿಗಿ ಹೊದಿಕಿರೀ ಅಕ್ಕಾರ. ನಾನ ಹೆಣಿಯಾಕತ್ತೀನಿ."

ಬೀಗತಿ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮಲ್ಲಿ ಕೂಸು ಹುಟ್ಟುವ ಮೊದಲು ಅದಕ್ಕೆಂದು ಹೊಸ ಅರಿವೆ ತಂದಿಡುವುದಿಲ್ಲ. ಹುಟ್ಟಿದ ಮೇಲೂ ಅಜ್ಜಿಯ ಹಳೆಯ ಸೀರೆಯನ್ನು ಹರಿದು ಅದರಲ್ಲೇ ಸುತ್ತುತ್ತೇವೆ. ನೂರು ಸಲ ಒಗೆದ ಅರಿವೆಯಷ್ಟು ಮೆತ್ತಗೆ ಬೇರೆ ಯಾವುದೂ ಇಲ್ಲ, ಅದೂ ನಿಜ. ತೊಟ್ಟಿಲಿಗೆ ಹಾಕುವ ದಿನವೇ ಹೊಸದು. ಇದನ್ನು ನಾನು ಅರಿಯದವಳಲ್ಲ. ಕೂಸು ಹುಟ್ಟುವ ಮೊದಲೇ ಅಂಗಿ ಕೊಳ್ಳಲು ಬರುವ ಹೊಸ ಕಾಲದ ಗಿರಾಕಿಗಳಿಗೂ ಈಗಲೇ ಬೇಡ ಎಂದು ಹೇಳಿ ವ್ಯಾಪಾರ ಕೈಬಿಟ್ಟದ್ದುಂಟು.

"ಮನಿಯೊಳಗ ತರಬ್ಯಾಡ" ಎಂದರು ಬೀಗತಿ. "ಒಂದ್ಸಲ ಕಂಡೀವಿ, ಸಾಕು."

ನನಗೆ ಅಲ್ಲೇ ಒಂದು ಉಪಾಯ ಹೊಳೆಯಿತು. "ಇದು ಇನ್ನಾ ಅರಿವಿ ಎಲ್ಲಿ ಆಗ್ಯಾದ್ರಿ?" ಎಂದೆ. "ಕಡ್ಡ್ಯಾಗ ಅದ. ಈ ಕಡ್ಡಿ ಎಳದ್ರ ಪೂರಾ ನೂಲು. ನೂಲಿಗಿ ಎಲ್ಲಿ ದೃಷ್ಟಿ? ಕೂಸು ಹುಟ್ಟಿ ತೊಟ್ಟಲಕ್ಕ ಹಾಕೋ ದಿನದ ತನಕ ನಾ ಇದರ ಕಡೀ ಸಾಲು ಮುಚ್ಚಂಗಿಲ್ಲ, ಕಡ್ಡಿ ತೆಗಿಯಂಗಿಲ್ಲ. ಮುಚ್ಚಿದ ಮ್ಯಾಲ ಅಷ್ಟ ಅದು ಹೊಸಾದು."

ಬೀಗತಿ ನನ್ನನ್ನೂ ಚೀಲವನ್ನೂ ನೋಡಿದರು. ಒಳಗಿನಿಂದ ಮಗಳು ನಗುವುದು ಕೇಳಿಸಿತು.

"ನೀ ದೇವರ ಕೂಡನೂ ಚೌಕಾಸಿ ಮಾಡಾಕಿ" ಎಂದರು. "ಬಾ ಒಳಗ. ಮುಚ್ಚಿದಿ ಅಂದ್ರ ಮತ್ತ ನೋಡು."

ಹೀಗೆ ಕರಾರಾಯಿತು. ಟೀಚರಿಗೆ ಹೇಳಿದಾಗ ಅವರೂ ನಕ್ಕರು. ಹೊದಿಕೆ ಸರಿಯಾದ ಅಳತೆಗೆ ಬಂದಾಗ, ಮುಚ್ಚುವುದು ಹೇಳಿಕೊಡುತ್ತೇನೆ, ಬೇರೆ ಒಂದು ತುಂಡಿನ ಮೇಲೆ ಕಲಿಯಿರಿ ಎಂದರು. ಕಡೆಯ ಸಾಲನ್ನು ಮುಚ್ಚದೆ ಕಡ್ಡಿ ತೆಗೆದರೆ ಇಡೀ ಹೆಣಿಗೆ ಬಿಚ್ಚಿಹೋಗುತ್ತದೆ, ಅದಕ್ಕೇ ಅದು ಬೇರೆ ಪಾಠ. ನಾನು ಕಲಿಯಲಿಲ್ಲ. ಕಲಿತರೆ ಕೈ ಸುಮ್ಮನಿರುವುದಿಲ್ಲ ಎನ್ನಿಸಿತು. ಶ್ರಾವಣಕ್ಕೆ ಹೆರಿಗೆ, ಆಮೇಲೆ ತೊಟ್ಟಿಲು, ಆಗ ಕಲಿತರಾಯಿತು ಎಂದೆ. ಕಡ್ಡಿಯಲ್ಲಿದ್ದದ್ದನ್ನು ಸುಮ್ಮನೆ ಇಡಲಾಗದೆ ಸಾಲಿಗೆ ಸಾಲು ಸೇರಿಸುತ್ತ ಹೋದೆ. ಚೌಕಾಗಿ ಇರಬೇಕಾದ ಹೊದಿಕೆ ಉದ್ದವಾಗುತ್ತ ಹೋಯಿತು.

ಶ್ರಾವಣದವರೆಗೆ ಹೋಗಲಿಲ್ಲ. ಕಾರ ಹುಣ್ಣಿಮೆ ಕಳೆದ ಕೆಲವೇ ದಿನಕ್ಕೆ ಅವಳಿಗೆ ರಕ್ತಸ್ರಾವ ಶುರುವಾಯಿತು. ದೇವದುರ್ಗದಿಂದ ಅಂಬುಲೆನ್ಸಿನಲ್ಲಿ ರಾಯಚೂರಿನ ಆಸ್ಪತ್ರೆಗೆ ತಂದರು. ನಾನು ಮಾನ್ವಿಯಿಂದ ಓಡಿದೆ. ಹೊದಿಕೆಯ ಚೀಲ ಭುಜದಲ್ಲೇ ಇತ್ತು, ಬೇಕೆಂದು ತಂದದ್ದಲ್ಲ, ಆಗ ಅದಿಲ್ಲದೆ ಎಲ್ಲಿಗೂ ಹೋಗುತ್ತಿರಲಿಲ್ಲ. ಆಪರೇಶನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಅತ್ತಿತು. ಬೆಕ್ಕಿನ ಮರಿಯಷ್ಟು ಸಣ್ಣ ದನಿ, ಆದರೂ ಅಳು.

ಕೂಸನ್ನು ಮೇಲಿನ ಮಹಡಿಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಮಗಳು ಕೆಳಗಿನ ವಾರ್ಡಿನಲ್ಲಿ. ಮೂರನೆಯ ದಿನ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮೇಲಕ್ಕೆ ಒಯ್ದೆವು. ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ ಕೈ ಹಾಕಿ ಒಂದು ಬೆರಳಿನಿಂದ ಮುಟ್ಟಬಹುದು, ಎತ್ತಿಕೊಳ್ಳುವ ಹಾಗಿಲ್ಲ ಎಂದರು ಸಿಸ್ಟರ್. ಅವಳು ಮುಟ್ಟಿದಳು. ಕೂಸು ಆ ಬೆರಳನ್ನು ಹಿಡಿಯಿತು.

"ಯಾವಾಗ ಕೊಡ್ತೀರಿ ಸಿಸ್ಟರ್ ನನ್ನ ಕೈಯಾಗ?"

"ತೂಕ ಬರ್ಲಿ ಅಮ್ಮಾ. ಉಸಿರು ಸ್ವಲ್ಪ ಗಟ್ಟಿ ಆಗ್ಲಿ."

ದಿನವೂ ಇದೇ ಪ್ರಶ್ನೆ, ಇದೇ ಉತ್ತರ. ನಾನು ಹೊರಗಿನ ಬೆಂಚಿನ ಮೇಲೆ ಕೂತು ಸಾಲು ಹಾಕುತ್ತಿದ್ದೆ. ಬೀಗತಿ ಎದುರಿಗೆ ನೆಲದ ಮೇಲೆ ಕೂತು, ಮನೆಯಿಂದ ತಂದ ತಮ್ಮ ಹಳೆಯ ಇಳಕಲ್ ಸೀರೆಯನ್ನು ಹರಿದು ಕೂಸಿಗೆ ಸುತ್ತುವ ದುಬಟಿ ಮಾಡುತ್ತಿದ್ದರು. ಒಮ್ಮೆ ಅವರು ನನ್ನ ಕೈ ನೋಡಿ, "ಇಷ್ಟು ಉದ್ದ ಯಾಕ ತಂಗಿ, ಅದಕ್ಕ ಮದಿವಿ ಮಾಡ್ತೀಯೇನು?" ಎಂದರು. ಇಬ್ಬರೂ ನಕ್ಕೆವು. ಆ ನಗೆ ನನಗೆ ಇನ್ನೂ ಕೇಳಿಸುತ್ತದೆ.

ವಾರ ತುಂಬಲಿಲ್ಲ. ಒಂದು ಬೆಳಿಗ್ಗೆ ಚಹಾ ತರಲು ಇಳಿದಿದ್ದೆ. ಮೇಲೆ ಬರುವಾಗ ಮೆಟ್ಟಿಲ ತುದಿಯಲ್ಲಿ ಅಳಿಯ ನಿಂತಿದ್ದ. ನನ್ನನ್ನು ನೋಡಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡ. ನನಗೆ ಅಷ್ಟೇ ಸಾಕಾಯಿತು. ಚಹಾದ ಫ್ಲಾಸ್ಕನ್ನು ಎಲ್ಲಿ ಇಟ್ಟೆನೋ, ಆಮೇಲೆ ಸಿಗಲೇ ಇಲ್ಲ.

ಮುಂದಿನದನ್ನು ಬೀಗತಿ ಕೈಗೆ ತೆಗೆದುಕೊಂಡರು. ದೇವದುರ್ಗದಿಂದ ಗಾಡಿ ಬರಲು ಫೋನ್ ಮಾಡಿಸಿದರು, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದರು. ಮಗನಿಗೆ, "ಪೇಟಿಗಿ ಹೋಗಿ ಒಂದು ಹೊಸಾ ಅರಿವಿ ತೊಗೊಂಡು ಬಾ" ಎಂದರು.

ಹೊಸದು. ನಮ್ಮಲ್ಲಿ ಹುಟ್ಟುವವರಿಗೆ ಹಳೆಯದು, ಹೋಗುವವರಿಗೆ ಹೊಸದು. ಅರಿವೆ ಮಾರುತ್ತಲೇ ಮುದುಕಿಯಾದೆ, ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಪೇಟಿಗಿ ಯಾಕ?" ಎಂದೆ. "ಇಲ್ಲೇ ಅದ."

ಬೀಗತಿ ನನ್ನ ಚೀಲ ನೋಡಿದರು. "ಮುಚ್ಚಿಲ್ಲಲ್ಲ ತಂಗಿ ಅದು" ಎಂದರು, ಮೆಲ್ಲಗೆ.

"ಮುಚ್ಚತೀನಿ. ಗಾಡಿ ಬರೂತನ ಹೊತ್ತು ಅದಲ್ಲ."

ಮುಚ್ಚುವುದು ನನಗೆ ಬರುತ್ತಿರಲಿಲ್ಲ. ಬೆಂಚಿನ ಮೇಲೆ ಕೂತು, ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ, ಟೀಚರಿಗೆ ವಿಡಿಯೋ ಕಾಲ್ ಮಾಡಿದೆ. ಪೂಜೆ ಮುಗಿಸಿ ಕೂತಿದ್ದರು, ಹಣೆಯ ಕುಂಕುಮ ಇನ್ನೂ ಹಸಿಯಾಗಿತ್ತು.

"ಏನ್ರಿ ಸಾವ್ಕಾರ್ತಿ, ಹೆಂಗದ ಮೊಮ್ಮಗಳು? ಪೆಟ್ಟಗಿಂದ ಹೊರಗ ಬಂದಾಳೇನು?"

"ಮುಚ್ಚೋದು ಹೇಳ್ರಿ ಟೀಚರ್."

"ಬಂತೇನು ಅಂತೂ ಆ ದಿನ! ಬರೇ ಪಾಠ ಕೇಳ್ತೀರಿ, ಪೇಢಾ ಎಲ್ಲಿ?" ಎಂದು ನಕ್ಕರು. "ಹಿಡೀರಿ ಕಡ್ಡಿ. ಮೊದಲ ಎರಡು ಕುಣಿಕಿ ಹೆಣೀರಿ. ಹೆಣದ್ರಿ? ಈಗ ಎಡಗಡ್ಡಿ ಮೊನಿಲಿಂದ ಹಿಂದಿನ ಕುಣಿಕಿ ಎತ್ತಿ, ಮುಂದಿಂದರ ಮ್ಯಾಲೆ ದಾಟಿಸಿ ಬಿಟ್ಟುಬಿಡ್ರಿ. ಒಂದು ಉಳೀತು ನೋಡ್ರಿ. ಮತ್ತೊಂದು ಹೆಣೀರಿ, ಮತ್ತ ದಾಟಸ್ರಿ. ಅಷ್ಟ."

ಹೆಣೆದೆ, ದಾಟಿಸಿದೆ. ಒಂದೊಂದೇ ಕುಣಿಕೆ ಕಡ್ಡಿಯಿಂದ ಇಳಿದು ಅಂಚಾಗುತ್ತಿತ್ತು.

"ಬಿಗೀಬ್ಯಾಡ್ರಿ, ಬಿಗೀಬ್ಯಾಡ್ರಿ" ಎಂದರು ಟೀಚರ್. "ನಿಮ್ಮದು ಮೊದಲಿಂದ ಅದ ಚಟ. ಸಡಲ ಇರ್ಲಿ. ಕೂಸು ಕಾಲು ಒದೀತದ, ಬೆಳೀತದ. ಅಂಚು ಬಿಗಿ ಆದ್ರ ಹರೀತದ."

ನಾನು ಸಡಿಲ ಬಿಟ್ಟೆ. ಅರ್ಧ ಸಾಲು ಇಳಿಯುವವರೆಗೂ ಅವರು ಏನೇನೋ ಹೇಳುತ್ತಲೇ ಇದ್ದರು. ಒಗೆಯುವಾಗ ಬಿಸಿನೀರು ಬೇಡ, ನೆರಳಲ್ಲಿ ಒಣಹಾಕಿ. ನಾನು ಹೂಂ ಎನ್ನುತ್ತಿದ್ದೆ. ನನ್ನ ಹಿಂದೆ ಯಾರೋ ಬಿಕ್ಕಿದರು, ಅಳಿಯ ಇರಬೇಕು. ಟೀಚರ್ ಮಾತು ನಿಲ್ಲಿಸಿದರು. ಫೋನಿನಲ್ಲಿ ನನ್ನ ಮುಖವನ್ನೇ ನೋಡಿದರು.

"ಹೌದೇನ್ರಿ?" ಎಂದರು.

"ಹೌದ್ರಿ. ಮುಂಜಾನಿ."

ಅವರು ಫೋನ್ ಇಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಮತ್ತೆ ನನ್ನ ಕೈ ನೋಡಿದರು. "ಕಡೀ ಕುಣಿಕಿ ಉಳದಾಗ ನಿಲ್ರಿ" ಎಂದರು. "ನೂಲು ಕತ್ತರಿಸಿ, ಆ ತುದಿ ಕುಣಿಕ್ಯಾಗ ತೂರಿಸಿ ಎಳೀರಿ. ಆತು. ಅದು ಇನ್ನ ಬಿಚ್ಚಂಗಿಲ್ಲ." ಕತ್ತರಿ ಇರಲಿಲ್ಲ, ಹಲ್ಲಿನಿಂದ ಕಡಿದೆ.

ಇನ್ನು ಆಣೆಯ ಮಾತು ಉಳಿದಿತ್ತು. ಬೀಗತಿ ಹೊದಿಕೆಗೆ ಕೈ ಚಾಚಿದಾಗ ನಾನು ಕೊಡಲಿಲ್ಲ.

"ಅಕ್ಕಾರ, ಕೂಸನ್ನ ಆಕಿ ಮಡ್ಲಾಗ ಇಟ್ಟು ದೇವದುರ್ಗದ ತನಕ ಗಾಡ್ಯಾಗ ಒಯ್ಯೂನು. ಆಕಿನೂ ಬರ್ಲಿ" ಎಂದೆ.

ಬೀಗತಿ ಬೆಚ್ಚಿಬಿದ್ದರು. "ಹುಚ್ಚು ಹಿಡದದೇನ ತಂಗಿ ನಿನಗ? ಹೊಲಿಗಿ ಹಸಿ ಅದ ಆಕಿಂದು! ಅಷ್ಟು ದೂರ, ಆ ರಸ್ತ್ಯಾಗ? ಮತ್ತ ಬಾಣಂತಿ ಮಡ್ಲಾಗ…"

ಅದು ಆಗದ ಮಾತೆಂದು ನನಗೂ ಗೊತ್ತಿತ್ತು. ಬೇಕಾದದ್ದನ್ನೇ ಮೊದಲು ಕೇಳಿದರೆ ಅದರಲ್ಲೂ ಅರ್ಧ ಕಡಿಯುತ್ತಾರೆ. ಸಂತೆಯ ವಿದ್ಯೆ ನನಗೆ ಬೇರೆ ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರಬಹುದಿತ್ತು, ಇಲ್ಲಿ ಬಂತು.

"ಹಂಗಾದ್ರ ಇಲ್ಲೇ ಕೊಡೂನು. ಗಾಡಿ ಬರೂತನ."

"ಬಾಗಿಲದಾಗ ನಿಂದ್ರಿಸಿ ಮಾರಿ ತೋರಸ್ತೀನಿ. ಮುಟ್ಟೂದು ಬ್ಯಾಡ."

"ಬಾಗಲದಾಗ ಬ್ಯಾಡ್ರಿ. ಕೈಯಾಗ."

"ಹಿಂದಿನವರು ಸುಮ್ಮ ಹೇಳ್ಯಾರೇನು? ಮುಂದ ಮಡ್ಲು ತುಂಬಬೇಕೋ ಬ್ಯಾಡೋ ಆಕಿಂದು?" ಬೀಗತಿಯ ದನಿ ಏರಿತು. "ನನ್ನ ಎರಡನೇದು ಹೋದಾಗ ನನಗ ತೋರಿಸಿದ್ರೇನು? ನಾ ಬದುಕಿಲ್ಲೇನು?"

ಈ ಮಾತನ್ನು ಅವರು ಇದುವರೆಗೂ ಹೇಳಿರಲಿಲ್ಲ. ಅಳಿಯನೂ ತಿರುಗಿ ತಾಯಿಯನ್ನು ನೋಡಿದ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ನನ್ನ ಬಾಯಿಗೆ ಹತ್ತು ಉತ್ತರ ಬಂದವು. ಯಾವುದನ್ನೂ ಆಡಲಿಲ್ಲ. ದರ ಹೇಳಿದ ಮೇಲೆ ಸುಮ್ಮನಿರಬೇಕು, ಮೊದಲು ಮಾತಾಡಿದವರು ಇಳಿಯುತ್ತಾರೆ. ಆದರೆ ಅಂದು ಸುಮ್ಮನಿದ್ದದ್ದು ಅದಕ್ಕಲ್ಲ, ಏನು ಹೇಳಿದರೂ ಆ ಹೆಂಗಸಿಗೆ ನೋಯುತ್ತಿತ್ತು, ಅದಕ್ಕೆ. ಹೊದಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸಿಸ್ಟರ್ ಬಾಗಿಲಲ್ಲಿ ಕಾಯುತ್ತಿದ್ದರು. ಕೆಳಗೆ ರಸ್ತೆಯಲ್ಲಿ ತರಕಾರಿಯವನು ಕೂಗುತ್ತಿದ್ದ.

ಬೀಗತಿ ಕಂಬಕ್ಕೆ ಒರಗಿದರು. ಎಷ್ಟೋ ಹೊತ್ತಿನ ಮೇಲೆ, "ಗಾಡಿ ಬರೂತನ ಅಷ್ಟ" ಎಂದರು. "ನಾನೂ ಬರ್ತೀನಿ."

ಸಿಸ್ಟರ್ ಕೂಸನ್ನು ಹೊದಿಕೆಯಲ್ಲಿ ಸುತ್ತಿ ಮಗಳ ವಾರ್ಡಿಗೆ ತಂದರು. ಹೊದಿಕೆ ಎಷ್ಟು ಉದ್ದವಾಗಿತ್ತೆಂದರೆ ಮೂರು ಸುತ್ತು ಬಂತು, ಮುಖ ಹುಡುಕಬೇಕಾಯಿತು. ಸುದ್ದಿ ಆಗಲೇ ತಿಳಿದಿದ್ದ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಎರಡೂ ಕೈ ಚಾಚಿದಳು. ಕೂಸು ಕೈಗೆ ಬಂದ ಕೂಡಲೇ ಅವಳು ಅಳಲಿಲ್ಲ, ಹೊದಿಕೆಯ ಪದರ ಬಿಡಿಸಿ ನೋಡತೊಡಗಿದಳು. ಕಿವಿ ನೋಡಿದಳು. ಬೆರಳು ಒಂದೊಂದಾಗಿ ಬಿಡಿಸಿದಳು. ಪಾದವನ್ನು ತನ್ನ ಅಂಗೈಯಲ್ಲಿಟ್ಟು ಅಳೆದಳು. ಬೀಗತಿ ಮೊದಲು ಮಂಚದ ಕಾಲ ಬಳಿ ದೂರ ನಿಂತಿದ್ದರು. ಮೆಲ್ಲಗೆ ಹತ್ತಿರ ಬಂದರು, ಮಂಚದ ಅಂಚಿಗೆ ಕೂತರು.

"ಮೂಗು ನೋಡ್ರಿ ಅತ್ತೀ" ಎಂದಳು ಮಗಳು. "ನಿಮ್ಮದ ಅದ."

ಬೀಗತಿ ಬಗ್ಗಿ ನೋಡಿದರು. "ಇಲ್ಲ ಬಿಡು, ನಂದು ಮೊಂಡು. ಇದು ಚಲೋ ಅದ" ಎಂದರು. ಹೇಳಿ, ಸೊಸೆಯ ಹೆಗಲ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತರು. ಆಗ ಮಗಳೂ ಅತ್ತಳು.

ಗಾಡಿ ಬಂದು ಕೆಳಗೆ ಹಾರ್ನ್ ಹೊಡೆಯಿತು. ಯಾರೂ ಏಳಲಿಲ್ಲ. ಮತ್ತೊಮ್ಮೆ ಹೊಡೆದಾಗ ಬೀಗತಿಯೇ ಕಿಟಕಿಗೆ ಹೋಗಿ, "ತಡಿಯೋ, ಬರ್ತೀವಿ" ಎಂದು ಕೂಗಿದರು. ಕೊನೆಗೆ ಮಗಳೇ ಪದರಗಳನ್ನು ಸರಿಮಾಡಿ, ಅಂಚನ್ನು ಒಳಗೆ ಸಿಕ್ಕಿಸಿ, ಗಂಡನ ಕೈಗೆ ಕೊಟ್ಟಳು. ಅವಳ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಅಳಿಯ ಮೆಟ್ಟಿಲು ಇಳಿದ, ಬೀಗತಿ ಹಿಂದೆ ಹೋದರು. ನಾನು ಮಗಳ ಬಳಿ ಉಳಿದೆ. ಹೊದಿಕೆ ಕೂಸಿನ ಜೊತೆ ಮಣ್ಣಿಗೆ ಹೋಯಿತು.

ಮರುದಿನ ಅವಳಿಗೆ ಎದೆ ತುಂಬ ಹಾಲು ಬಂತು. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಕುಡಿಯುವವರಿಲ್ಲದ ಹಾಲು ಕಲ್ಲಿನ ಹಾಗೆ ಕಟ್ಟುತ್ತದೆ, ಜ್ವರ ಬರುತ್ತದೆ. ದೇವದುರ್ಗದಿಂದ ಹಿಂದಿರುಗಿದ ಬೀಗತಿ ಒಂದು ಬುಟ್ಟಿ ದುಂಡುಮಲ್ಲಿಗೆ ತಂದಿದ್ದರು. ಹೂವನ್ನು ಅರಿವೆಯಲ್ಲಿ ಹರಡಿ ಎದೆಗೆ ಕಟ್ಟಿದರು, ಹಾಲು ಇಳಿಯಲಿ ಎಂದು. ಕಟ್ಟುತ್ತ, "ನನಗೂ ನಮ್ಮತ್ತಿ ಹಿಂಗ ಕಟ್ಟಿದ್ದಳು" ಎಂದಷ್ಟೇ ಹೇಳಿದರು. ಆ ವಾರ್ಡೆಲ್ಲ ಮದುವೆ ಮನೆಯ ವಾಸನೆ. ಮಗಳು ಕಣ್ಣು ಮುಚ್ಚಿ ಮಲಗಿದ್ದಳು. "ಯವ್ವಾ, ಅಂಚು ಬಿಗಿ ಇರ್ಲಿಲ್ಲ ನೋಡು, ಮೆತ್ತಗಿತ್ತು" ಎಂದಳು.

ಓದುವ ನಿಮಗೆ ನಾಕು ಮಾತು ಹೇಳುತ್ತೇನೆ. ಪುಕ್ಕಟೆ ಸಲಹೆ ನಾನು ಕೊಡುವವಳಲ್ಲ, ಇವು ಪುಕ್ಕಟೆ ಬಂದವೂ ಅಲ್ಲ. ಕೂಸಿಗೆ ಹೆಣೆಯುವುದಾದರೆ ನಮ್ಮ ಸೀಮೆಯಲ್ಲಿ ಹತ್ತಿ ನೂಲೇ ಕೊಳ್ಳಿ, ದರಕ್ಕೆ ಹೆದರಬೇಡಿ. ಮೊದಲ ಕುಣಿಕೆಯನ್ನು ಎರಡೆಂದು ಎಣಿಸಬೇಡಿ. ಏರಿಸುವುದನ್ನು ಕಲಿತ ದಿನವೇ ಮುಚ್ಚುವುದನ್ನೂ ಕಲಿತುಬಿಡಿ, ಮುಂದಕ್ಕೆ ಹಾಕಬೇಡಿ.

ಕೂಸು ಹೋದ ಮನೆಗೆ ಹೋದರೆ, ಇನ್ನೂ ವಯಸ್ಸದ, ಮತ್ತೊಂದು ಆಗ್ತದ ಎನ್ನಬೇಡಿ. ಆಗುವುದು ಬೇರೆಯದು. ಕೂಸು ಹೇಗಿತ್ತು ಎಂದು ಕೇಳಿ. ತಾಯಿ ಹೇಳಲು ಕಾಯುತ್ತಿರುತ್ತಾಳೆ, ಮೂಗಿನಿಂದ ಶುರುಮಾಡುತ್ತಾಳೆ. ಆಸ್ಪತ್ರೆಯಲ್ಲಿ ನೀವೇ ಹಿರಿಯರಾಗಿದ್ದರೆ ಕೂಸನ್ನು ಅವಳ ಕೈಗೆ ಕೊಡಿಸಿ. ಬೇಡ ಅನ್ನುವವರು ಕೆಟ್ಟವರಲ್ಲ, ಅವರ ಕೈಗೂ ಯಾರೋ ಕೊಟ್ಟಿರುವುದಿಲ್ಲ. ಅವರ ಮೇಲೆ ಕೂಗಾಡಬೇಡಿ, ಹೆಚ್ಚು ಕೇಳಿ, ಆಮೇಲೆ ಸುಮ್ಮನಿರಿ. ಎದೆ ಕಟ್ಟಿ ಜ್ವರ ಬಂದರೆ ಹೂವಿನ ಮೇಲೇ ಭಾರ ಹಾಕದೆ ಡಾಕ್ಟರಿಗೆ ತೋರಿಸಿ.

ಎಲ್ಲರೂ ಮರೆಯುವುದು ಇನ್ನೊಂದಿದೆ. ಕೂಸಿಲ್ಲ ಎಂದು ಬಾಣಂತನ ಬಿಡಬೇಡಿ. ಹೆತ್ತ ಮೈ ಹೆತ್ತ ಮೈಯೇ. ಎಣ್ಣೆ ತಿಕ್ಕಿ ಬಿಸಿನೀರು ಹಾಕಿ. ಅಂಟಿನ ಉಂಡೆ ಕಟ್ಟಿಕೊಡಿ, ಮೆಣಸಿನ ಸಾರು ಬಿಸಿಬಿಸಿ ಬಡಿಸಿ. ತಿನ್ನಲಾರೆ ಎನ್ನುತ್ತಾಳೆ, ಪಕ್ಕದಲ್ಲಿ ಕೂತು ತಿನ್ನಿಸಿ. ತಲೆಗೆ ಅರಿವೆ ಸುತ್ತಿಕೊಳ್ಳಲು ಹೇಳಿ, ಕಿವಿಗೆ ಹತ್ತಿ ಇಡಿ, ಗಾಳಿಗೆ ಮಲಗಲು ಬಿಡಬೇಡಿ.